ಮೊದಲ ಕೂಗು

ನಂದಿತಾಳನ್ನು ಯಾರೇ ಕರೆದರೂ ಅವಳು ಒಂದೇ ಕೂಗಿಗೆ ಓಗೊಡುತ್ತಿರಲಿಲ್ಲ. ಕಿವಿಗೇನೂ ಆಗಿರಲಿಲ್ಲ, ಜಂಬವೂ ಇರಲಿಲ್ಲ. ಅದು ಅವಳ ಅಪ್ಪನ ಮನೆಯ ಕಟ್ಟಳೆ. ಗುಬ್ಬಿಯಲ್ಲಿರುವ ಆ ಮನೆಯಲ್ಲಿ ಅಜ್ಜಿ ಹೊಂಬಾಳಮ್ಮನ ಮಾತೇ ಮಾತು: ಹೊರಗಿನಿಂದ ಯಾರು ಕೂಗಿದರೂ ಮೊದಲ ಕೂಗಿಗೆ ಸುಮ್ಮನಿರಬೇಕು. ದೆವ್ವವಾದರೆ ಒಂದೇ ಸಲ ಕರೆಯುತ್ತದೆ, ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ. ಆ ಕಡೆಯ ಎಷ್ಟೋ ಮನೆಗಳಲ್ಲಿ ಇಂಥ ನಂಬಿಕೆ ಇತ್ತು, ಟಿ.ವಿ. ಮೊಬೈಲು ಬಂದ ಮೇಲೆ ಸಡಿಲವಾಯಿತು. ಹೊಂಬಾಳಮ್ಮನ ಮನೆಯಲ್ಲಿ ಮಾತ್ರ ಒಂದು ಎಳೆಯೂ ಸಡಿಲವಾಗಲಿಲ್ಲ. ಹಾಲಿನವನು, ಗ್ಯಾಸಿನವನು, ಕೊರಿಯರಿನವನು, ಎಲ್ಲರೂ ಆ ಬಾಗಿಲಲ್ಲಿ ಎರಡೆರಡು ಸಲ ಕೂಗುವುದನ್ನು ಕಲಿತಿದ್ದರು.

ತುಮಕೂರಿನ ಶಾಲೆಯಲ್ಲಿ ಇದೆಲ್ಲ ನಡೆಯುವ ಮಾತೇ? ಹಾಜರಿ ಹೇಳುವಾಗ ಮೇಷ್ಟ್ರು ‘ನಂದಿತಾ’ ಎಂದರೆ ಇವಳು ಪೆನ್ನಿನ ಮುಚ್ಚಳ ನೋಡುತ್ತ ಕೂತಿರುತ್ತಿದ್ದಳು. ಅವರು ಮತ್ತೆ ‘ನಂದಿತಾ!’ ಎಂದು ಗದರಿದ ಮೇಲೆ ‘ಪ್ರೆಸೆಂಟ್ ಸರ್’. ತರಗತಿ ಕಿಸಕ್ಕನೆ ನಗುತ್ತಿತ್ತು. ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಅವಳಿಗೆ ಟ್ಯೂಬ್‌ಲೈಟ್ ಎಂಬ ಹೆಸರು ಅಂಟಿಕೊಂಡಿತ್ತು. ಅವಳೂ ಅದನ್ನು ಒಪ್ಪಿಕೊಂಡು ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಳು.

ಇದರಿಂದ ಹೆಚ್ಚು ನೊಂದವನು ಅವಳ ಅಪ್ಪ ಗೋವಿಂದರಾಜು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. ಕೆಲಸದಲ್ಲಿ ಹುಲಿ, ಮೀಟಿಂಗಿನಲ್ಲಿ ಇಲಿ. ತನಗಿಂತ ಕಿರಿಯರು ಬಾಯಿ ಜೋರಿನಿಂದಲೇ ಮೇಲೆ ಹೋದದ್ದನ್ನು ಕಣ್ಣಾರೆ ಕಂಡವನು. ಹಾಗಾಗಿ ಶಾಲೆಯವರು ಫಿನ್ಲೆಂಡಿನ ಒಂದು ಶಾಲೆಯ ಜೊತೆ ವಿದ್ಯಾರ್ಥಿಗಳನ್ನು ಅದಲುಬದಲು ಮಾಡುವ ಯೋಜನೆ ತಂದಾಗ, ಅದರ ಉಸ್ತುವಾರಿಯ ಮೈತ್ರೇಯಿ ಮೇಡಂ ಹತ್ತಿರ ತಾನೇ ಹೋಗಿ ನಿಂತ.

“ನನ್ ಮಗಳು ದಡ್ಡಿ ಅಲ್ಲ ಮೇಡಂ. ಬಾಯಿ ಒಂದು ಬಿಡಿಸ್ಕೊಡಿ ಸಾಕು.”

ಮೈತ್ರೇಯಿ ಮೇಡಂಗೆ ಇಂಥ ಸವಾಲುಗಳೆಂದರೆ ಹೋಳಿಗೆ ತಿಂದಷ್ಟು ಖುಷಿ. ಬೆಂಗಳೂರಿನಲ್ಲಿ ತರಬೇತಿ ಮುಗಿಸಿ ಬಂದ ಮೇಲೆ ಅವರು ಕಮ್ಯುನಿಕೇಷನ್ ಸ್ಕಿಲ್ಸ್ ಎಂಬ ಪದವನ್ನು ಉಸಿರಾಟದ ಹಾಗೆ ಬಳಸುತ್ತಿದ್ದರು. ಕಣ್ಣಿಗೆ ಕಣ್ಣು ಕೊಡಬೇಕು, ಕೈ ಕಟ್ಟಬಾರದು, ಕರೆದ ತಕ್ಷಣ ಉತ್ತರಿಸಬೇಕು. ಹುಡುಗಿಯನ್ನು ಆರಿಸಿಕೊಂಡು ಹೇಳಿದರು, “ಫಾರಿನ್ ಹುಡುಗಿ ಜೊತೆ ಎರಡು ತಿಂಗಳು ವೀಡಿಯೊ ಕಾಲ್ ಮಾಡು. ಆಮೇಲೆ ಅವಳು ನಿಮ್ಮನೇಗೆ ಬರ್ತಾಳೆ, ಮುಂದಿನ ವರ್ಷ ನೀನು ಅವರ ಮನೆಗೆ ಹೋಗ್ತೀಯ. ಅಷ್ಟರಲ್ಲಿ ನಿನ್ನ ಮಾತು ನಿಲ್ಸೋಕೆ ನಾವು ಕಷ್ಟಪಡಬೇಕು, ನೋಡ್ತಿರು.”

ಆದದ್ದೇ ಬೇರೆ. ಆ ಕಡೆಯ ಹುಡುಗಿ ಅನ್ನಿಕಾಳನ್ನೂ ಅವಳ ಅಮ್ಮ ಇದೇ ಕಾರಣಕ್ಕೆ ಸೇರಿಸಿದ್ದಳು. ಅವರ ದೇಶದಲ್ಲೇ ಮಾತು ಕಡಿಮೆಯಂತೆ, ಅದರಲ್ಲೂ ಇವಳು ಮೂಗಿಯೇ ಅನ್ನಬೇಕು. ಮೊದಮೊದಲು ಇಬ್ಬರೂ ಪರದೆಯಲ್ಲಿ ಒಬ್ಬರನ್ನೊಬ್ಬರು ನೋಡುತ್ತ ಕೂತಿರುತ್ತಿದ್ದರು. ಮೈತ್ರೇಯಿ ಮೇಡಂ ನೆಟ್‌ವರ್ಕ್ ಕೈಕೊಟ್ಟಿದೆ ಎಂದುಕೊಂಡು ಕಂಪ್ಯೂಟರಿನವನನ್ನು ಕರೆಸಿದ್ದೂ ಉಂಟು. ಆಮೇಲೆ ಮೆಲ್ಲಗೆ, ಇಬ್ಬರು ಮೌನಿಗಳ ನಡುವೆ ಮಾತ್ರ ಹುಟ್ಟುವ ಒಂದು ಸಲಿಗೆ ಹುಟ್ಟಿತು. ನಂದಿತಾ ಅವಳಿಗೆ ಕನ್ನಡ ಕಲಿಸತೊಡಗಿದಳು. ಮೊದಲ ಪಾಠ ಇದು: ಯಾರಾದರೂ ಕರೆದರೆ ‘ಓ’ ಅನ್ನಬೇಕು.

ಅನ್ನಿಕಾಳಿಗೆ ಅದು ಬಹಳ ಹಿಡಿಸಿತು. ಒಂದೇ ಅಕ್ಷರದಲ್ಲಿ ‘ಇಲ್ಲಿದ್ದೇನೆ, ಕೇಳಿಸಿತು, ಬಂದೆ’ ಎಲ್ಲ ಬರುತ್ತದಲ್ಲ ಎಂದು ಇಂಗ್ಲಿಷಿನಲ್ಲಿ ಬೆರಗಾದಳು. ಮೊದಲ ಕೂಗಿಗೆ ಓ ಅನ್ನಬಾರದು ಎಂಬ ಉಳಿದ ಅರ್ಧವನ್ನು ನಂದಿತಾ ಹೇಳಲಿಲ್ಲ. ಅತಿಥಿಗಳ ಮುಂದೆ ಮೂಢನಂಬಿಕೆಯ ಮಾತು ಎತ್ತಕೂಡದು ಎಂದು ಮೇಡಂ ತಾಕೀತು ಮಾಡಿದ್ದರು. ಅವಳಿಗೂ ನಾಚಿಕೆ. ಪಾಠವನ್ನು ಅರ್ಧಕ್ಕೇ ನಿಲ್ಲಿಸಿದಳು.

ಜನವರಿಯಲ್ಲಿ ಅನ್ನಿಕಾ ಬಂದಳು. ತುಮಕೂರಿನ ಬಟವಾಡಿಯಲ್ಲಿರುವ ನಂದಿತಾಳ ಮನೆಯಲ್ಲೇ ವಾಸ. ಬಿಸಿಲನ್ನು ಕಂಡು ಮಗುವಿನ ಹಾಗೆ ಕುಣಿದಳು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದಳು, ‘ಅನ್ನಿಕಾ’ ಎಂದು ಯಾರು ಕರೆದರೂ ‘ಓ!’ ಎಂದು ಓಡಿಬಂದಳು. ಬೀದಿಯ ಹೆಂಗಸರೆಲ್ಲ ಅವಳಿಂದ ಆ ಓ ಕೇಳುವುದಕ್ಕೇ ಸುಮ್ಮಸುಮ್ಮನೆ ಕರೆಯುತ್ತಿದ್ದರು.

ಪ್ರತಿ ಜೋಡಿಯೂ ಮನೆಯ ಹಿರಿಯರೊಬ್ಬರಿಂದ ಅವರ ಬಾಳಿನ ಕಥೆ ಕೇಳಿ, ಕೊನೆಯ ದಿನ ಕುಣಿಗಲ್ಲಿನ ಸಮಾರೋಪದಲ್ಲಿ ವೇದಿಕೆ ಮೇಲೆ ಹೇಳಬೇಕಿತ್ತು. ಭಾನುವಾರ ಗೋವಿಂದರಾಜು ಇಬ್ಬರನ್ನೂ ಗುಬ್ಬಿಗೆ ಕರೆದುಕೊಂಡು ಹೋದ.

ಅದು ಗಿಜಿಗುಡುವ ಮನೆ. ಚಿಕ್ಕಪ್ಪ ಅಂಜನಮೂರ್ತಿ, ಚಿಕ್ಕಮ್ಮ ನೇತ್ರಾವತಿ, ಅವರ ಮಕ್ಕಳು, ಎರಡು ಬೆಕ್ಕು. ಹಜಾರದ ನಡುವೆ ಹೊಂಬಾಳಮ್ಮ. ಎಪ್ಪತ್ತು ದಾಟಿದ್ದರೂ ನೆಟ್ಟಗೆ ಕೂರುವ ಮುದುಕಿ. ಅನ್ನಿಕಾಳ ಕೆನ್ನೆ ಹಿಡಿದು ನೋಡಿ, “ಏನೇ ಕೂಸೇ, ಸುಣ್ಣ ಬಳ್ದಂಗಿದೀಯಲ್ಲೇ!” ಎಂದು ನಕ್ಕಳು. ಕಥೆ ಹೇಳು ಎಂದರೆ ಮಾತ್ರ ಜಾರಿಕೊಂಡಳು. “ನಂದೇನೈತೆ ಕತೆ? ಬೇಯ್ಸಿದ್ದು, ಬಡ್ಸಿದ್ದು. ಮೊದ್ಲು ಉಣ್ರಿ, ಬುಡಿ.”

ಮಟಮಟ ಮಧ್ಯಾಹ್ನ. ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಮುದ್ದೆ, ಬಸ್ಸಾರು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಮಕ್ಕಳು ಅನ್ನಿಕಾಳಿಗೆ ಕಲಿಸುತ್ತಿದ್ದರು. ಆಗ ಹಿತ್ತಲಿನಿಂದ ಒಂದು ಕೂಗು ಬಂತು.

“ಅವ್ವಾ...”

ಹುಡುಗಿಯೊಬ್ಬಳ ದನಿ. ಅಳುವೂ ಅಲ್ಲ, ಹೆದರಿಕೆಯೂ ಅಲ್ಲ. ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿಯೋಕೆ ಬಾ ಎಂದು ಕರೆದ ಹಾಗೆ. ಯಾರೂ ತಲೆ ಎತ್ತಲಿಲ್ಲ. ನೇತ್ರಾವತಿ ಸಾರು ಬಡಿಸಿದಳು, ಅಂಜನಮೂರ್ತಿ ಮುದ್ದೆ ಮುರಿದ, ಬೆಕ್ಕು ಮಾತ್ರ ಎದ್ದು ಹಜಾರ ಬಿಟ್ಟು ಹೋಯಿತು.

“ಯಾರೋ ಕರೆದರು,” ಎಂದಳು ಅನ್ನಿಕಾ ಇಂಗ್ಲಿಷಿನಲ್ಲಿ.

“ಯಾರೂ ಇಲ್ಲ. ಊಟ ಮಾಡು,” ಎಂದಳು ನಂದಿತಾ. ಎಂದ ಮರುಕ್ಷಣವೇ ಅವಳ ಕೈ ತಟ್ಟೆಯಲ್ಲೇ ನಿಂತಿತು. ಯಾರೂ ಇಲ್ಲ ಎಂದಾದರೆ ಕರೆದವರು ಯಾರು? ಈ ಕೂಗು ಅವಳಿಗೆ ಹೊಸದಲ್ಲ. ಹುಟ್ಟಿದಾಗಿನಿಂದ, ಗುಬ್ಬಿಗೆ ಬಂದಾಗಲೆಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಇದನ್ನು ಕೇಳುತ್ತಲೇ ಬಂದಿದ್ದಾಳೆ. ಗೋಡೆ ಗಡಿಯಾರದ ಸದ್ದಿನ ಹಾಗೆ ಅದು ಆ ಮನೆಯದಾಗಿತ್ತು. ಅಪ್ಪನಿಗೂ ಕೇಳಿಸುತ್ತದೆ, ಚಿಕ್ಕಮ್ಮನಿಗೂ ಕೇಳಿಸುತ್ತದೆ. ಒಬ್ಬರೂ ಒಂದು ದಿನವೂ ಅದು ಯಾರು ಎಂದು ಬಾಯಿಬಿಟ್ಟು ಕೇಳಿರಲಿಲ್ಲ.

ಅನ್ನಿಕಾಳಿಗೆ ಇದು ಸರಿಕಾಣಲಿಲ್ಲ. ಯಾರೋ ಕರೆಯುತ್ತಿದ್ದಾರೆ, ಮನೆ ತುಂಬ ಜನರಿದ್ದಾರೆ, ಒಬ್ಬರೂ ಉತ್ತರಿಸುತ್ತಿಲ್ಲ. ಎಂಥ ಒರಟುತನ! ಕಲಿತ ಪಾಠವನ್ನು ನೆನಪಿಸಿಕೊಂಡು, ಹಿತ್ತಲ ಕಡೆಗೆ ಮುಖ ತಿರುಗಿಸಿ ಗಟ್ಟಿಯಾಗಿ ಹೇಳಿದಳು: “ಓ!”

ಆ ಮನೆಯಲ್ಲಿ ಎಂದೂ ಬಾರದಿದ್ದ ಎರಡನೇ ಕೂಗು ಆಗ ಬಂತು. “ಅವ್ವಾ...” ಈ ಸಲ ಹತ್ತಿರದಿಂದ, ಹಿತ್ತಲ ಬಾಗಿಲ ಆಚೆಯಿಂದ.

ಹೊಂಬಾಳಮ್ಮನ ಕೈಯ ತುತ್ತು ಜಾರಿ ಸಾರಿನೊಳಗೆ ಬಿತ್ತು. ಗೋವಿಂದರಾಜು ಎದ್ದುಹೋಗಿ ಹಿತ್ತಲ ಬಾಗಿಲು ತೆರೆದು ನೋಡಿದ. ಬಿಸಿಲು, ಬಟ್ಟೆಯ ಹಗ್ಗ, ಮುಚ್ಚಿದ ಬಾವಿಯ ಮೇಲಿನ ಚಪ್ಪಡಿ, ಅದರ ಮೇಲೆ ಒಣಹಾಕಿದ ಮೆಣಸಿನಕಾಯಿ. ಮೆಣಸಿನಕಾಯಿಯ ನಡುವೆ ಒಂದಿಷ್ಟು ಜಾಗ ನೀರಿನಿಂದ ಒದ್ದೆಯಾಗಿತ್ತು. ಅವನು ಬಾಗಿಲು ಹಾಕಿದ. ನಂದಿತಾ ಅಜ್ಜಿಯ ಮುಖ ನೋಡಿದಳು. ಮುದುಕಿ ಅನ್ನಿಕಾಳನ್ನೇ ದಿಟ್ಟಿಸುತ್ತಿದ್ದಳು. ಆ ನೋಟದಲ್ಲಿ ಇದ್ದದ್ದು ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ಅದು ನಂದಿತಾಳಿಗೆ ಅರ್ಥವಾಗಲಿಲ್ಲ.

ಕಥೆ ಕೇಳದೆಯೇ ತುಮಕೂರಿಗೆ ಮರಳಿದರು.

ಅಲ್ಲಿಂದ ಶುರುವಾಯಿತು. ಶಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದಾಗ ಅನ್ನಿಕಾ ತಟಕ್ಕನೆ ‘ಓ’ ಎಂದು ಎದ್ದು ನಿಂತಳು. ಮಕ್ಕಳಿಗೆ ನಗು. ಮರುದಿನ ಅವಳು ಕುಡಿಯುವ ನೀರಿನ ತೊಟ್ಟಿಯ ಹತ್ತಿರ ನಿಂತು, ಅದರ ಗೋಡೆಗೆ ಕಿವಿಯಿಟ್ಟು ‘ಓ, ಓ’ ಎನ್ನುತ್ತಿದ್ದಳು. ನಂದಿತಾ ಹೋಗಿ ಕೈ ಹಿಡಿದಳು. ಆ ಕೈ ಮಂಜುಗಡ್ಡೆಯಾಗಿತ್ತು. ಪಕ್ಕದಲ್ಲಿ ನಿಂತಾಗ ತೊಟ್ಟಿಯೊಳಗಿನಿಂದ ಅವಳಿಗೂ ಕೇಳಿಸಿತು: “ಅವ್ವಾ...”

“ನಿನಗೆ ಭಯವಾಗಲ್ವಾ?” ಎಂದು ಕೇಳಿದಳು.

“ಯಾಕೆ ಭಯ? ಅವಳಿಗೆ ನಾನು ಉತ್ತರ ಕೊಡುತ್ತೇನೆ ಅನ್ನೋದೇ ಖುಷಿ. ಆದರೆ ನಾನು ಅವಳಿಗೆ ಬೇಕಾದವಳಲ್ಲ. ಅದಕ್ಕೇ ಇನ್ನೂ ಹತ್ತಿರ ಬಾ ಅಂತ ಕರೆಯುತ್ತಾಳೆ.” ಇಷ್ಟು ಉದ್ದ ಮಾತನ್ನು ಅನ್ನಿಕಾ ಹಿಂದೆಂದೂ ಆಡಿರಲಿಲ್ಲ.

ಶನಿವಾರ ಅರ್ಧ ದಿನ ಶಾಲೆ. ಮನೆಗೆ ಬಂದು ನಂದಿತಾ ಅಡುಗೆಮನೆಯಲ್ಲಿ ಅನ್ನ ಬಿಸಿ ಮಾಡುತ್ತಿದ್ದಳು. ಹೊರಗೆ ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದಾಯಿತು. ಓಡಿಬಂದು ನೋಡಿದರೆ ಅನ್ನಿಕಾ ಅಂಗಳದ ಸಂಪಿನ ಮುಚ್ಚಳ ಎಳೆದುಹಾಕಿ, ಕಾಲು ಒಳಗೆ ಇಳಿಬಿಟ್ಟು ಕೂತಿದ್ದಳು. ಕೆಳಗೆ ಕಪ್ಪು ನೀರು. “ಓ,” ಎನ್ನುತ್ತಿದ್ದಳು ಮೆಲ್ಲಗೆ, ತೊಟ್ಟಿಲ ಮಗುವಿಗೆ ಹೇಳಿದ ಹಾಗೆ, “ಓ, ಬಂದೆ.” ‘ಬಂದೆ’ ಎಂಬುದನ್ನು ನಂದಿತಾ ಅವಳಿಗೆ ಕಲಿಸಿರಲೇ ಇಲ್ಲ.

ನಂದಿತಾ ಅವಳ ತೋಳಿಗೆ ಕೈಹಾಕಿ ಹಿಂದಕ್ಕೆ ಎಳೆದಳು, ಇಬ್ಬರೂ ಸಿಮೆಂಟಿನ ಮೇಲೆ ಬಿದ್ದರು. ಅನ್ನಿಕಾ ಕಣ್ಣು ಪಿಳುಕಿಸಿ ಸುತ್ತ ನೋಡಿದಳು. ತಾನು ಇಲ್ಲಿಗೆ ಹೇಗೆ ಬಂದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಆ ದಿನ ನಂದಿತಾಳ ಎದೆಯಲ್ಲಿ ಒಂದು ಕಲ್ಲು ಕೂತಿತು. ಇವಳನ್ನು ಕಾಪಾಡಬೇಕಾದವಳು ತಾನು. ಅರ್ಧ ಪಾಠ ಕಲಿಸಿದವಳೂ ತಾನು. ಸೋಮವಾರ ಸಮಾರೋಪ, ಅದೂ ಕುಣಿಗಲ್ ಕೆರೆಯ ಪಕ್ಕದ ಶಾಲೆಯಲ್ಲಿ.

ಮೈತ್ರೇಯಿ ಮೇಡಂಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ನಡುವೆ ಒಮ್ಮೆಯೂ ತಡವರಿಸಲಿಲ್ಲ. ಮೇಡಂ ಪೂರ್ತಿ ಕೇಳಿಸಿಕೊಂಡು, “ಎಕ್ಸಲೆಂಟ್ ನಂದಿತಾ! ಎಷ್ಟು ಚೆನ್ನಾಗಿ ಕಥೆ ಕಟ್ಟಿದೀಯ. ಇದನ್ನೇ ಹೇಳ್ಬಿಡು ವೇದಿಕೆ ಮೇಲೆ. ಆ ಹುಡುಗೀಗೆ ಮನೆ ನೆನಪಾಗಿರುತ್ತೆ ಅಷ್ಟೇ, ಸ್ವಲ್ಪ ಗ್ಲೂಕೋಸ್ ಕೊಡು,” ಎಂದು ಫೋನಿಟ್ಟರು. ಮಾತು ಬಂದ ದಿನವೇ ಮಾತು ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂದು ನಂದಿತಾಳಿಗೆ ಅಳು ಬಂತು. ಅಪ್ಪನಿಗೆ ಹೇಳಿದರೆ ಅವನು ಕಣ್ಣು ತಪ್ಪಿಸಿ, “ಅದೆಲ್ಲ ಅಜ್ಜೀನ ಕೇಳು. ನಂಗೊತ್ತಿಲ್ಲ,” ಎಂದ. ಗೊತ್ತಿಲ್ಲದವನು ಹಾಗೆ ಕಣ್ಣು ತಪ್ಪಿಸುವುದಿಲ್ಲ.

ಭಾನುವಾರ ಬೆಳಗ್ಗೆ ಅನ್ನಿಕಾಳನ್ನು ಅಮ್ಮನ ಕಣ್ಣೆದುರು ಬಿಟ್ಟು, ನಂದಿತಾ ಒಬ್ಬಳೇ ಗುಬ್ಬಿಯ ಬಸ್ಸು ಹತ್ತಿದಳು.

ಅಜ್ಜಿ ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತಿದ್ದಳು. ಮುಖ ಒಂದು ವಾರದಲ್ಲಿ ಇಳಿದುಹೋಗಿತ್ತು. ಮಧ್ಯಾಹ್ನ ಊಟಕ್ಕೇ ಕೂರುತ್ತಿಲ್ಲ ಎಂದು ನೇತ್ರಾವತಿ ಗೊಣಗಿದಳು.

“ಅಜ್ಜಿ, ಹಿತ್ತಲಲ್ಲಿ ಕರೆಯೋದು ಯಾರು?”

ಮುದುಕಿ ಸುಮ್ಮನಿದ್ದಳು. ಮೊದಲ ಸಲಕ್ಕೆ ಉತ್ತರಿಸುವ ಅಭ್ಯಾಸ ಅವಳಿಗೆಲ್ಲಿತ್ತು? ನಂದಿತಾ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಕಣ್ಣಿಗೆ ಕಣ್ಣು ಕೊಟ್ಟು ಮತ್ತೆ ಕೇಳಿದಳು.

“ನಿಮ್ಮತ್ತೆ,” ಎಂದಳು ಹೊಂಬಾಳಮ್ಮ. “ಕಮಲ. ನನ್ ಹಿರೀ ಮಗಳು. ನಿಮ್ಮಪ್ಪ ಇನ್ನೂ ಅಂಬೆಗಾಲಿಕ್ತಿದ್ದ. ಅವಳಿಗೆ ನಿನ್ನಷ್ಟೇ ವಯಸ್ಸು.”

ಅಪ್ಪನಿಗೊಬ್ಬಳು ಅಕ್ಕನಿದ್ದಳೆಂದು ನಂದಿತಾ ಕೇಳಿದ್ದಳು, ಕಾಯಿಲೆ ಬಂದು ಹೋದಳು ಎಂದೇ ಹೇಳಿದ್ದರು.

“ಕಾಯ್ಲೆ ಅಲ್ಲ. ನೀರು ಸೇದಕ್ಕೋಗಿ ಬಾವಿಗೆ ಜಾರ್ಬಿಟ್ಲು. ನಾನು ಒಳಗೆ ರೊಟ್ಟಿ ತಟ್ತಿದ್ದೆ. ಅವ್ವಾ ಅಂದ್ಲು. ಒಂದ್ ಸಲ. ಎದ್ದೆ. ನಮ್ಮತ್ತೆ ಪಕ್ಕದಾಗೇ ಕೂತಿದ್ರು, ಕೈ ಹಿಡ್ಕಂಡ್ರು. ಉರಿ ಬಿಸ್ಲು, ಮೊದಲ್ನೇ ಕೂಗು, ಹೋಗ್ಬ್ಯಾಡ, ಇನ್ನೊಂದ್ ಸಲ ಕರೀಲಿ ಅಂದ್ರು. ಕಾಯ್ದೆ. ಹಂಚಿನ್ ಮ್ಯಾಲೆ ರೊಟ್ಟಿ ಸೀದೋಯ್ತು. ಕಾಯ್ದೆ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಕರೀಲಿಲ್ಲ ಕಣೇ.”

ನಂದಿತಾ ಅಜ್ಜಿಯ ಮೊಣಕಾಲು ಹಿಡಿದುಕೊಂಡಳು. ಇಡೀ ಮನೆ ಇಷ್ಟು ವರ್ಷ ಮೊದಲ ಕೂಗಿಗೆ ಸುಮ್ಮನಿದ್ದದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ಆ ಕಟ್ಟಳೆ ತಪ್ಪೆಂದು ಒಪ್ಪಿದರೆ ಅಂದು ಕಾದು ಕೂತದ್ದೂ ತಪ್ಪೇ. ಅದನ್ನು ಒಪ್ಪಿಕೊಂಡು ಯಾವ ತಾಯಿ ಬದುಕುತ್ತಾಳೆ?

“ಆಮೇಲೆ ಅದೇ ಹೊತ್ತಿಗೆ ದಿನಾ ಕರೀತಾಳೆ ಅಲ್ವಾ ಅಜ್ಜಿ. ಆಮೇಲಾದ್ರೂ ಓ ಅನ್ಬೋದಿತ್ತಲ್ಲ?”

“ಮೊದಮೊದ್ಲು ಹೆದ್ರಿಕೆ. ಆಮೇಲಾಮೇಲೆ...” ಮುದುಕಿ ಹಿತ್ತಲ ಚಪ್ಪಡಿಯನ್ನು ನೋಡಿದಳು. “ಓ ಅಂದ್ರೆ ನಿಂತೋಗ್ತದೆ ಕಣೇ. ಅವಳಿಗೆ ಬೇಕಾಗಿರಾದು ಅದೊಂದೇ. ಅದು ಸಿಕ್ಬುಟ್ರೆ ಇನ್ಯಾಕೆ ಕರೀತಾಳೆ? ದಿನಾ ಒಂದ್ ಸಲ ಅವಳ ದನಿ ಕೇಳ್ತೀನಿ. ಆ ಹೊತ್ತಿಗೋಸ್ಕರಾನೇ ಬೆಳಗ್ಗೆ ಏಳ್ತೀನಿ. ನಿನ್ ಗೆಳತಿ ಓ ಅಂದ ಮ್ಯಾಲೆ ಇಲ್ಲಿ ಕೇಳಿಸ್ತಾನೇ ಇಲ್ಲ. ನನ್ ಮಗಳ ಕೂಗ ತಗಂಡೋಗ್ಬುಟ್ಲು ಆ ಹುಡ್ಗಿ.”

“ಅವಳು ತಗೊಂಡ್ ಹೋಗಿಲ್ಲ ಅಜ್ಜಿ. ಅದೇ ಅವಳನ್ನ ತಗೊಂಡ್ ಹೋಗ್ತಿದೆ.” ಸಂಪಿನ ಕಥೆ, ನಾಳೆ ಕುಣಿಗಲ್ ಕೆರೆಯ ಪಕ್ಕ ನಡೆಯುವ ಸಮಾರೋಪ, ಎಲ್ಲ ಹೇಳಿದಳು. ಹೇಳಿ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ, “ನೀನು ಓ ಅನ್ನು. ಅನ್ನಿಕಾಗೂ ಒಬ್ಬಳು ಅಮ್ಮ ಇದಾಳೆ, ಅಲ್ಲಿ ಕಾಯ್ತಾ ಇದಾಳೆ,” ಎಂದಳು.

“ಎಲ್ಲಿ ಕೇಳಿಸ್ತದೆ ಅಂದೆ ಈಗ? ನಾಳೆ ಕುಣಿಗಲ್ಲಾಗೆ?” ಮುದುಕಿಯ ಕಣ್ಣು ಹೊಳೆಯಿತು. “ಬರ್ತೀನಿ. ಕೇಳಕ್ಕೆ ಬರ್ತೀನಿ. ಓ ಅನ್ನಕ್ಕಲ್ಲ.”

ನಂದಿತಾಳಿಗೆ ಸಿಟ್ಟು, ಕರುಣೆ ಎರಡೂ ಒಟ್ಟಿಗೆ ಉಕ್ಕಿದವು. ಅಜ್ಜಿಯನ್ನು ಅಪ್ಪಿಕೊಳ್ಳಲೋ, ಹಿಡಿದು ಅಲುಗಾಡಿಸಲೋ ತಿಳಿಯದೆ ಎದ್ದು ಬಂದಳು.

ಸೋಮವಾರ ಕುಣಿಗಲ್ಲಿನ ಆ ಶಾಲೆಯ ಸಭಾಂಗಣ ತುಂಬಿತ್ತು. ಶಾಮಿಯಾನ, ಬಾಳೆಕಂದು, ವಿದೇಶಿ ಮಕ್ಕಳ ತಲೆಗೆ ಮೈಸೂರು ಪೇಟ. ಭಾಷಣಗಳು ಬೆಳೆದು ಬೆಳೆದು ನಂದಿತಾ ಮತ್ತು ಅನ್ನಿಕಾಳ ಸರದಿ ಬರುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಮುಂದಿನ ಸಾಲಿನಲ್ಲಿ ಗೋವಿಂದರಾಜು, ಅವನ ಪಕ್ಕ ಹೊಂಬಾಳಮ್ಮ. ಪಕ್ಕದ ಬಾಗಿಲಿನಾಚೆ ಕೆರೆಯ ಏರಿ, ಅದರಾಚೆ ತುಂಬಿದ ನೀರು.

ನಂದಿತಾ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಅನ್ನಿಕಾಳ ಮಣಿಕಟ್ಟು ಹಿಡಿದು ಮಾತಾಡತೊಡಗಿದಳು. ಒಂದು ಮನೆಯಿತ್ತು, ಆ ಮನೆಯಲ್ಲಿ ಮೊದಲ ಕೂಗಿಗೆ ಯಾರೂ ಉತ್ತರಿಸುತ್ತಿರಲಿಲ್ಲ ಎಂದು ಶುರುಮಾಡಿದಳು. ಸಭೆ ಕಿವಿಯಾಯಿತು. ಮೈತ್ರೇಯಿ ಮೇಡಂ ಹೆಬ್ಬೆರಳೆತ್ತಿ ತೋರಿಸಿದರು.

“ಅವ್ವಾ...”

ಏರಿಯ ಕಡೆಯಿಂದ. ಸಭೆಯವರು ಯಾರದೋ ಮಗು ಎಂದುಕೊಂಡಿರಬೇಕು, ತಲೆ ತಿರುಗಿಸಲಿಲ್ಲ. ಹೊಂಬಾಳಮ್ಮ ಮಾತ್ರ ಕುರ್ಚಿಯ ತುದಿಗೆ ಬಂದು, ಕಣ್ಣು ಮುಚ್ಚಿ, ಬಾಯಾರಿದವಳು ನೀರು ಕುಡಿದ ಹಾಗೆ ಆ ದನಿಯನ್ನು ಕುಡಿದಳು.

“ಓ!” ಎಂದಳು ಅನ್ನಿಕಾ, ಮೈಕಿನಲ್ಲೇ. ಫಾರಿನ್ ಹುಡುಗಿಯ ಬಾಯಲ್ಲಿ ಕನ್ನಡ! ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ಅವಳು ಕೈ ಕೊಸರಿಕೊಂಡು, ವೇದಿಕೆಯಿಂದ ಇಳಿದು, ಪಕ್ಕದ ಬಾಗಿಲಿನಿಂದ ಹೊರಟುಹೋದಳು. ಅದೂ ನಾಟಕದ ಭಾಗವೆಂದು ಜನ ಇನ್ನೂ ಜೋರಾಗಿ ತಟ್ಟಿದರು. ಮುಂದುವರಿಸು ಎಂದು ಮೇಡಂ ಸನ್ನೆ ಮಾಡಿದರು. ನಂದಿತಾ ಮೈಕನ್ನು ಅಲ್ಲೇ ಬಿಸಾಡಿ ಓಡಿದಳು.

ಅನ್ನಿಕಾ ಆಗಲೇ ಏರಿ ಹತ್ತಿ ಆ ಕಡೆಯ ಮೆಟ್ಟಿಲಿಳಿದಿದ್ದಳು. ನೀರು ಮೊಣಕಾಲಿಗೆ. ನಂದಿತಾ “ಅನ್ನಿಕಾ!” ಎಂದು ಕೂಗಿದಳು. ಮತ್ತೆ ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಯಾರು ಕರೆದರೂ ಓಡಿಬರುತ್ತಿದ್ದ ಹುಡುಗಿ ತಿರುಗಿಯೂ ನೋಡಲಿಲ್ಲ. ನೀರು ಸೊಂಟಕ್ಕೆ ಬಂತು. ಇವಳೂ ಇಳಿದು ಹಿಂದಿನಿಂದ ತಬ್ಬಿ ಎಳೆದರೆ ಆ ತೆಳ್ಳನೆಯ ಮೈ ಕಲ್ಲುಕಂಬದಷ್ಟು ಭಾರವಾಗಿತ್ತು. ಒಂದೊಂದೇ ಹೆಜ್ಜೆ, ಇಬ್ಬರನ್ನೂ ಒಳಕ್ಕೆ ಎಳೆದುಕೊಂಡು ಅದು ಮುಂದೆ ನಡೆಯುತ್ತಿತ್ತು.

“ಅವ್ವಾ...” ಈಗ ತೀರಾ ಹತ್ತಿರ, ಎದುರಿನ ನೀರಿನಿಂದಲೇ.

ಮೆಟ್ಟಿಲ ಮೇಲೆ ಹೊಂಬಾಳಮ್ಮ ಬಂದು ನಿಂತಿದ್ದಳು. ಚಪ್ಪಲಿ ಎಲ್ಲೋ ಕಳಚಿತ್ತು, ಏದುಸಿರು. ನಂದಿತಾ ತಿರುಗಿ, “ಅಜ್ಜೀ!” ಎಂದಳು. ಒಂದೇ ಸಲ. ಇನ್ನೊಂದು ಸಲ ಕರೆಯುವಷ್ಟರಲ್ಲಿ ಕೆರೆಯ ನೀರು ಅವಳ ಬಾಯಿಯವರೆಗೆ ಏರಿತ್ತು.

ಮುದುಕಿ ಮೊಮ್ಮಗಳನ್ನು ನೋಡಿದಳು. ಒಂದು ಕ್ಷಣ ಅವಳು ಎರಡನೇ ಕೂಗಿಗೆ ಕಾಯುತ್ತಾಳೇನೋ ಎಂದು ನಂದಿತಾಳಿಗೆ ಅನ್ನಿಸಿತು. ಆ ಕ್ಷಣವನ್ನು ಅವಳು ಜನ್ಮದಲ್ಲಿ ಮರೆಯುವುದಿಲ್ಲ.

“ಓ!” ಎಂದಳು ಹೊಂಬಾಳಮ್ಮ. ಕೆರೆ ತುಂಬ ಕೇಳಿಸುವ ಹಾಗೆ. “ಓ, ಕಮಲಾ! ಇಲ್ಲೇ ಇದೀನಿ ಕಣವ್ವಾ! ಕೇಳಿಸ್ತು ಕಣೇ ನನ್ನವ್ವಾ, ಅವತ್ತೂ ಕೇಳಿಸ್ತು!”

ನೀರು ಒಮ್ಮೆ ಸುಳಿಯಾಡಿ ಸುಮ್ಮನಾಯಿತು. ನಂದಿತಾಳ ತೋಳಿನೊಳಗಿನ ಮೈ ಹಗುರವಾಯಿತು. ಅನ್ನಿಕಾ ಕೆಮ್ಮುತ್ತ, ನಡುಗುತ್ತ, “ಏನಾಯಿತು? ನಾವು ನೀರಲ್ಲಿ ಯಾಕಿದ್ದೇವೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗೋವಿಂದರಾಜು ಬಂದು ಇಬ್ಬರನ್ನೂ ದಡಕ್ಕೆ ಎಳೆದುಕೊಂಡ. ಅವನು ಜೋರಾಗಿ ಅಳುತ್ತಿದ್ದ. ಹೊಂಬಾಳಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು, ಕಿವಿಯನ್ನು ನೀರಿನ ಕಡೆಗೆ ವಾಲಿಸಿ ಬಹಳ ಹೊತ್ತು ಕಾದಳು. ಮತ್ತೆ ಕೂಗು ಬರಲಿಲ್ಲ.

ಅತ್ಯುತ್ತಮ ಅಭಿವ್ಯಕ್ತಿಯ ಬಹುಮಾನ ಆ ಜೋಡಿಗೇ ಬಂತು. ಸಭಾಂಗಣದಿಂದ ಹೊರಗೆ ಹೋಗಿ ಪ್ರದರ್ಶನ ಮುಂದುವರಿಸಿದ ಧೈರ್ಯವನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿದರು. ನಗಬೇಕೋ ಅಳಬೇಕೋ ಎಂದು ನಂದಿತಾಳಿಗೆ ತಿಳಿಯಲಿಲ್ಲ. ಅನ್ನಿಕಾ ಊರಿಗೆ ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ನಂದಿತಾಳನ್ನು ಬಿಗಿಯಾಗಿ ಅಪ್ಪಿಕೊಂಡಳು.

ಮುಂದಿನ ಭಾನುವಾರ ನಂದಿತಾ ಗುಬ್ಬಿಗೆ ಹೋದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಆ ಹೊತ್ತು ಬಂತು, ಹೋಯಿತು. ಹಿತ್ತಲಿನಿಂದ ಏನೂ ಕೇಳಿಸಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡದೆ ಎಲ್ಲರೂ ಉಂಡರು. ಆ ಮೌನವನ್ನು ಹೇಗೆ ಸಹಿಸುವುದೆಂದು ಆ ಮನೆಗೆ ಗೊತ್ತಿರಲಿಲ್ಲ. ಹೊಂಬಾಳಮ್ಮನ ತಟ್ಟೆಯಲ್ಲಿ ಮುದ್ದೆ ಹಾಗೆಯೇ ಆರುತ್ತಿತ್ತು.

“ಕೂಸೇ,” ಎಂದಳು ಅವಳು, ಮಗುವಿನ ದನಿಯಲ್ಲಿ. ನಂದಿತಾ ಆ ಒಂದೇ ಕೂಗಿಗೆ “ಓ ಅಜ್ಜಿ” ಎಂದು ಹತ್ತಿರ ಬಂದಳು. “ಹಿತ್ತಲಿಗೋಗಿ ಒಂದ್ ಸಲ ನನ್ನ ಕರಿಯೇ. ಅವ್ವಾ ಅಂತ. ನಿನ್ ದನಿ ಒಂಚೂರು ಅವಳಂಗೇ ಐತೆ. ಒಂದೇ ಸಲ ಸಾಕು.”

ನಂದಿತಾ ಕೈ ತೊಳೆದು ಹಿತ್ತಲಿಗೆ ಹೋದಳು. ಸುಡುವ ಬಿಸಿಲು, ಖಾಲಿ ಹಗ್ಗ, ಒಣಗಿದ ಚಪ್ಪಡಿ. ಉಸಿರೆಳೆದು, ಕರೆಯಲು ಬಾಯಿ ತೆರೆದಳು.

“ಓ!” ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. “ಓ, ಬಂದೆ ಕಣವ್ವಾ!”

ನಂದಿತಾ ತೆರೆದ ಬಾಯಿ ತೆರೆದ ಹಾಗೆಯೇ ನಿಂತಳು. ಅವಳಿಗೆ ಬೇರೆ ಯಾವ ದನಿಯೂ ಕೇಳಿಸಿರಲಿಲ್ಲ. ಹೊಂಬಾಳಮ್ಮ ಎಂಜಲು ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಿದ್ದಳು, ಮುಖವೆಲ್ಲ ಅರಳಿತ್ತು, ಕಣ್ಣಲ್ಲಿ ನೀರು.

“ಅಯ್ಯೋ ಕೂಸೇ, ಥೇಟ್ ಅವಳಂಗೇ ಕರ್ದೆಯಲ್ಲೇ! ಮೊದಲ್ನೇ ಸಲಕ್ಕೇ ಓ ಅಂದೆ, ಕೇಳಿಸ್ತಾ?”

ನಾನು ಇನ್ನೂ ಕರೆದೇ ಇರಲಿಲ್ಲ ಅಜ್ಜಿ ಎಂಬ ಮಾತು ನಂದಿತಾಳ ನಾಲಿಗೆಯ ತುದಿಗೆ ಬಂತು. ಎಲ್ಲ ಮಾತನ್ನೂ ಆಡಲು ಕಲಿತಿದ್ದ ಹುಡುಗಿ ಆ ಒಂದನ್ನು ನುಂಗಿಕೊಂಡಳು.

“ಕೇಳಿಸ್ತು ಅಜ್ಜಿ,” ಎಂದಳು.